ಅಪ್‌ಡೇಟ್: ಚರ್ಚ್ ಸ್ಟ್ರೀಟ್‌ನಲ್ಲಿ ಕೇಳಿದ ಆ ಹಾಡು ಸಿಕ್ಕಿತು!

ಹೋದ ವಾರ ನಿಮ್ಮನ್ನೆಲ್ಲ ಒಂದು ಹಾಡನ್ನು ಹಾಡಿದ್ದು ಯಾರು ಅಂತ ಕೇಳಿದ್ದೆ ಅಲ್ವಾ? ಚರ್ಚ್ ಸ್ಟ್ರೀಟ್‌ನ ಕೆಫೆಯಲ್ಲಿ 'ದಿ ಸೌಂಡ್ ಆಫ್ ಸೈಲೆನ್ಸ್' ಬರುತ್ತಿತ್ತು. ಪಿಯಾನೋ, ಜೊತೆಗೆ ಯಾರದೋ ಗಡಸು ದನಿ. ನೀವು ಹೇಳಿದ್ದೇ ಸರಿ, ಅದು ಶಿಕಾಗೋದ ಮೆಟಲ್ (ಅಬ್ಬರದ ರಾಕ್) ಬ್ಯಾಂಡ್ ಡಿಸ್ಟರ್ಬ್ಡ್, 2015ರದ್ದು. ತುಂಬಾ ಥ್ಯಾಂಕ್ಸ್!

ಅವತ್ತೇ ರಾತ್ರಿ ಅಪ್ಪನ ಕಿವಿಗೆ ಹೆಡ್‌ಫೋನ್ ಹಾಕಿ ಕೂರಿಸಿದೆ. ಈ ಹಾಡನ್ನು ಮೊದಲು ಹಾಡಿದ ಅಮೆರಿಕದ ಜೋಡಿ ಸೈಮನ್ ಮತ್ತು ಗಾರ್ಫಂಕಲ್ ಅವರ ಕ್ಯಾಸೆಟ್ಟನ್ನು ಸವೆಯುವಷ್ಟು ಕೇಳಿದವರು ಅವರು. ಮೊದಲು ಹುಬ್ಬು ಗಂಟಿಕ್ಕಿದರು. ದನಿ ತೀರಾ ತಗ್ಗಿನಲ್ಲಿ ಶುರುವಾಗುತ್ತದೆ. ಆಮೇಲೆ ಒಂದೊಂದೇ ಮೆಟ್ಟಿಲು ಹತ್ತಿ, ಕೊನೆಗೆ ಗರ್ಜನೆ. ಅಷ್ಟರಲ್ಲಿ ಅಪ್ಪ ಕಣ್ಣು ಮುಚ್ಚಿದ್ದರು. ಕೈಲಿದ್ದ ಕಾಫಿ ಆರಿ ಕೆನೆ ಕಟ್ಟಿತ್ತು. "ಇನ್ನೊಂದ್ಸಲ ಹಾಕು" ಅಂದರು.

ಡಿಸ್ಟರ್ಬ್ಡ್‌ನವರು ಒಳ್ಳೆ ಹಾಡು ಕೆಡಿಸಿದರು ಅಂತ ನಿಮ್ಮಲ್ಲೊಬ್ಬರು ಹೇಳಿದ್ದರು. ನಾನು ಒಪ್ಪಲ್ಲ. 1964ರಲ್ಲಿ ಈ ಹಾಡು ಮೊದಲು ಬಂದ ಸೈಮನ್ ಮತ್ತು ಗಾರ್ಫಂಕಲ್ ಆಲ್ಬಮ್ ಜಾಸ್ತಿ ಮಾರಾಟವೇ ಆಗಲಿಲ್ಲ. 1965ರಲ್ಲಿ ಪ್ರೊಡ್ಯೂಸರ್ ಟಾಮ್ ವಿಲ್ಸನ್ ಆ ಇಬ್ಬರಿಗೂ ಹೇಳದೆ ಹಾಡಿಗೆ ಎಲೆಕ್ಟ್ರಿಕ್ ಗಿಟಾರ್, ಡ್ರಮ್ಸ್ ಸೇರಿಸಿದರು. 1966ರ ಜನವರಿಯಲ್ಲಿ ಆ ಹಾಡು ಅಮೆರಿಕದಲ್ಲಿ ನಂಬರ್ ಒನ್! ಅಪ್ಪ ಇಷ್ಟು ವರ್ಷ ಪ್ರೀತಿಸಿದ್ದೂ ಆ ಬದಲಾದ ಹಾಡನ್ನೇ.

ದಯವಿಟ್ಟು ಡಿಸ್ಟರ್ಬ್ಡ್ ಹಾಡಿದ್ದನ್ನು ಫೋನ್ ಸ್ಪೀಕರ್‌ನಲ್ಲಿ ಕೇಳಬೇಡಿ. ಶುರುವಿನ ಆ ತಗ್ಗು ದನಿ ಕೇಳಿಸುವುದೇ ಇಲ್ಲ.