ಸಹಾಯ ಬೇಕು: ಆಕ್ಟೇವಿಯಾ ಆರ್‌ಎಸ್‌ಗೆ ಯಾವ ಟೈರ್ ಹಾಕಿಸಲಿ?

ನಮಸ್ಕಾರ್ರೀ ಎಲ್ಲರಿಗೂ. ನನ್ನದು ಸ್ಕೋಡಾ ಆಕ್ಟೇವಿಯಾ ಆರ್‌ಎಸ್ 230 ಕಾರು. ಟೈರ್ ಅಳತೆ 225/45 ಆರ್17. ನಾಲ್ಕೂ ಸವೆದಿವೆ. ಮುಂದಿನ ಎಡ ಟೈರಿನ ಸೈಡಿಗೆ ಲಿಂಬೆಹಣ್ಣಿನಷ್ಟು ಗುಳ್ಳೆ ಬೇರೆ ಎದ್ದಿದೆ, ಊರೊಳಗಿನ ಗುಂಡಿಗಳ ಕೃಪೆ.

ಮಿಷೆಲಿನ್ ಪೈಲಟ್ ಸ್ಪೋರ್ಟ್ 4 ಟೈರ್ ಹಾಕಿಸುವ ಆಸೆ. ರಜೆ ಸಿಕ್ಕರೆ ಯಲ್ಲಾಪುರ ದಾಟಿ ಅರಬೈಲ್ ಘಾಟ್ ಇಳಿಯುತ್ತೇನೆ. ಮಳೆಗಾಲದಲ್ಲಿ ಅಲ್ಲಿ ಗ್ರಿಪ್ ಮುಖ್ಯ, ಅಲ್ವಾ? ಆದರೆ ಗ್ರಿಪ್ ಕೊಡುವ ಮೆತ್ತನೆ ರಬ್ಬರ್ ಬೇಗ ಸವೆಯುತ್ತದೆ. ಅಂಗಡಿಯವರೊಬ್ಬರು ಸುಮ್ನೆ 225ರ ಬದಲು 215 ಅಗಲದ್ದು ಹಾಕಿಸಿ, ಅಗ್ಗ ಅಂತಾರೆ. ನನಗೆ ಮನಸ್ಸಿಲ್ಲ.

ಇದೇ ಟೈರ್ ಓಡಿಸಿದವರು ಹೇಳಿ, ನಮ್ಮ ರಸ್ತೆಗೆ ಸೈಡ್‌ವಾಲ್ (ಟೈರಿನ ಪಕ್ಕದ ಗೋಡೆ) ತಡೆಯುತ್ತಾ? ಹುಬ್ಬಳ್ಳಿ-ಧಾರವಾಡದಲ್ಲಿ ಹೊಸ ಮಾಲು ಎಲ್ಲಿ ಸಿಗುತ್ತದೆ? ಟೈರ್ ಮೇಲೆ 2221 ಅಂತಿದ್ದರೆ ಅದು 2021ರ 22ನೇ ವಾರ ತಯಾರಾದದ್ದು. ಅಂಥ ಹಳೇದು ಪುಕ್ಕಟೆ ಕೊಟ್ಟರೂ ಬೇಡ. ರೇಟ್ ಗೊತ್ತಿದ್ದರೆ ಅದನ್ನೂ ಹಾಕ್ರಿ.