ಕೈಮೆರಾ ಆಂಟ್ ಕಥಾಭಾಗ: ಮೆರುಯೆಮ್‌ನ ಬಲ ಎಲ್ಲಿದೆ, ಕಥೆ ಸೋಲುವುದು ಎಲ್ಲಿ?

ಪ್ರಶ್ನೆ: ತುಂಗಾತೀರ, ಶಿವಮೊಗ್ಗ

ಎಲ್ಲರಿಗೂ ನಮಸ್ಕಾರ. ಮ್ಯಾಡ್‌ಹೌಸ್ ಸ್ಟುಡಿಯೊ 2011ರಿಂದ 2014ರವರೆಗೆ ತಯಾರಿಸಿದ ‘ಹಂಟರ್ ಎಕ್ಸ್ ಹಂಟರ್’ ಅನಿಮೆಯ (ಜಪಾನಿ ಅನಿಮೇಷನ್ ಸರಣಿಯ) ಕೈಮೆರಾ ಆಂಟ್ ಕಥಾಭಾಗವನ್ನು, ಅಂದರೆ ಮನುಷ್ಯರನ್ನು ತಿನ್ನುವ ದೈತ್ಯ ಇರುವೆಗಳ ಕಥೆಯನ್ನು, ನಮ್ಮ ಗೆಳೆಯರ ಬಳಗ ಈ ಮಳೆಗಾಲದಲ್ಲಿ ನೋಡಿ ಮುಗಿಸಿತು. ಮುಗಿಸಿತು ಎಂದರೆ ಅರ್ಧದಷ್ಟು ಜನ ಮುಗಿಸಿದರು; ಉಳಿದವರು ಇರುವೆಗಳ ರಾಜನ ಅರಮನೆಯ ಮೇಲಿನ ದಾಳಿ ಶುರುವಾದ ಮೇಲೆ ಬೇಸತ್ತು ಬಿಟ್ಟುಬಿಟ್ಟರು. ಒಟ್ಟು 148 ಕಂತುಗಳಲ್ಲಿ 76ರಿಂದ 136ರವರೆಗಿನ 61 ಕಂತುಗಳು ಈ ಒಂದೇ ಕಥಾಭಾಗಕ್ಕೆ ಹೋಗಿವೆ. ಅಷ್ಟು ಉದ್ದ ಬೇಕಿತ್ತೇ ಎಂಬ ಪ್ರಶ್ನೆಗೆ ನಮ್ಮಲ್ಲಿ ಒಮ್ಮತ ಮೂಡಲಿಲ್ಲ. ಪೂರ್ತಿ ನೋಡಿಲ್ಲದವರು ದಯವಿಟ್ಟು ಇಲ್ಲಿಗೇ ನಿಲ್ಲಿಸಿ, ಏಕೆಂದರೆ ಮುಂದೆ ಕೊನೆಯವರೆಗಿನ ಘಟನೆಗಳೆಲ್ಲ ಬರುತ್ತವೆ.

ನನ್ನ ಮಟ್ಟಿಗೆ ಈ ಕಥಾಭಾಗದ ದೊಡ್ಡ ಬಲವೆಂದರೆ ಖಳನಾಯಕನಿಗೆ ಕೊಟ್ಟಿರುವ ಕಾಲಾವಕಾಶ. ಬೇರೆ ಎಷ್ಟೋ ಆಕ್ಷನ್ ಅನಿಮೆಗಳಲ್ಲಿ ಖಳನು ಸಾಯುವ ಮುನ್ನ ಅವನ ನೊಂದ ಬಾಲ್ಯವನ್ನು ಒಂದೆರಡು ಕಂತುಗಳಲ್ಲಿ ತೋರಿಸಿ, ನೋಡುಗರಿಂದ ಕನಿಕರ ವಸೂಲಿ ಮಾಡುತ್ತಾರೆ. ಇರುವೆಗಳ ರಾಜ ಮೆರುಯೆಮ್‌ಗೆ ಅಂಥ ಬಾಲ್ಯವೇ ಇಲ್ಲ. ತಾಯಿಯ ಹೊಟ್ಟೆಯನ್ನು ಸೀಳಿಕೊಂಡು, ಅವಧಿಗೆ ಮುನ್ನವೇ, ಅವನು ನಮ್ಮ ಕಣ್ಣೆದುರಿಗೇ ಹುಟ್ಟುತ್ತಾನೆ. ಅವನು ಬದುಕುವುದು ಕೆಲವೇ ವಾರ, ಮತ್ತು ಅವನಲ್ಲಿ ಆಗುವ ಬದಲಾವಣೆಯೆಲ್ಲ ಆ ವಾರಗಳಲ್ಲಿ, ನಾವು ನೋಡುತ್ತಿರುವಾಗಲೇ ಆಗುತ್ತದೆ. ಆದ್ದರಿಂದ ಅವನ ಮೇಲೆ ಹುಟ್ಟುವ ಮರುಕವನ್ನು ಕಥೆಗಾರ ನಮ್ಮಿಂದ ಬೇಡಿ ಪಡೆದದ್ದು ಎನಿಸುವುದಿಲ್ಲ.

ಆದರೆ ನನಗೆ ಎರಡು ತಕರಾರುಗಳಿವೆ. ಈ ರಾಜ ಹುಟ್ಟುವ ಹೊತ್ತಿಗೆ ಸುಮಾರು ಹದಿನೈದು ಕಂತುಗಳು ಕಳೆದಿರುತ್ತವೆ. ಅಲ್ಲಿಯವರೆಗೆ ನೋಡುಗರನ್ನು ಹಿಡಿದಿಡುವ ಹೊಣೆ ನಾಯಕ ಗಾನ್‌ಗೆ ದಾರಿ ತೋರುವ ಅನುಭವಿ ಹಂಟರ್ ಕೈಟ್ ಒಬ್ಬನ ಮೇಲೆ ಬೀಳುತ್ತದೆ. ಅದಕ್ಕಿಂತ ದೊಡ್ಡ ತಕರಾರು ನಿರೂಪಕನ ಕುರಿತಾದದ್ದು. ಅರಮನೆಗೆ ನುಗ್ಗಿದ ಮೇಲೆ ಕೆಲವೇ ನಿಮಿಷಗಳ ಘಟನೆ ಹಲವು ಕಂತುಗಳಿಗೆ ಹಬ್ಬುತ್ತದೆ, ಮತ್ತು ಯಾರು ಯಾವ ಮೆಟ್ಟಿಲ ಮೇಲೆ ನಿಂತು ಏನನ್ನು ಊಹಿಸಿದರು, ಆ ಊಹೆ ಏಕೆ ತಪ್ಪಾಯಿತು ಎಂಬುದನ್ನೆಲ್ಲ ಒಂದು ಧ್ವನಿ ಬಿಡುವಿಲ್ಲದೆ ವಿವರಿಸುತ್ತಲೇ ಹೋಗುತ್ತದೆ. ಮುಖದಲ್ಲಿ ಕಾಣುತ್ತಿರುವ ಭಯವನ್ನು ಮತ್ತೆ ಮಾತಿನಲ್ಲಿ ಹೇಳಬೇಕೇ? ನಿಮ್ಮ ಅಭಿಪ್ರಾಯಗಳನ್ನು ವಿವರವಾಗಿ ಬರೆಯಬೇಕೆಂದು ಕೋರುತ್ತೇನೆ.

ಉತ್ತರ: ಸಾಗರದ ಓದುಗಿ

ಕಾಲಾವಕಾಶದ ವಿಚಾರದಲ್ಲಿ ನಿಮ್ಮ ಮಾತನ್ನು ಒಪ್ಪುತ್ತೇನೆ, ಆದರೆ ಆ ಕಾಲವನ್ನು ಯಾವುದಕ್ಕೆ ಬಳಸಿದ್ದಾರೆ ಎಂಬುದು ನನಗೆ ಇನ್ನೂ ಮುಖ್ಯವಾಗಿ ಕಾಣುತ್ತದೆ. ಜಗತ್ತಿನಲ್ಲೇ ಬಲಿಷ್ಠನಾದ ಜೀವಿಯನ್ನು ಬದಲಾಯಿಸಲು ಕಥೆಗಾರ ಯೋಶಿಹಿರೊ ತೊಗಾಶಿಯವರು ಅವನಿಗಿಂತ ಬಲಿಷ್ಠನಾದ ಮತ್ತೊಬ್ಬನನ್ನು ತರಲಿಲ್ಲ. ಒಂದು ಮಣೆಯನ್ನೂ, ಅದರ ಎದುರಿಗೆ ಕಣ್ಣು ಕಾಣದ, ಸದಾ ಮೂಗು ಸುರಿಸುವ, ತನ್ನನ್ನು ತಾನೇ ಹಳಿದುಕೊಳ್ಳುವ ಒಬ್ಬ ಬಡ ಹುಡುಗಿಯನ್ನೂ ತಂದು ಕೂರಿಸಿದರು. ಗುಂಗಿ ಎಂಬ ಆ ಆಟ ತೊಗಾಶಿಯವರದೇ ಕಲ್ಪನೆ; ಒಂಬತ್ತು ಮನೆ ಉದ್ದ, ಒಂಬತ್ತು ಮನೆ ಅಗಲದ ಮಣೆಯ ಮೇಲೆ ಕಾಯಿಯ ಮೇಲೆ ಕಾಯಿಯನ್ನು ಪೇರಿಸಿ ಆಡಬಹುದು. ಬೇರೆ ಆಟಗಳ ಪ್ರವೀಣರನ್ನು ಕರೆಸಿ, ಸೋಲಿಸಿ, ಕೊಂದು ಹಾಕಿದ ಮೆರುಯೆಮ್ ಈ ಆಟದಲ್ಲಿ ಮಾತ್ರ ಕೊಮುಗಿ ಎಂಬ ಆ ಹುಡುಗಿಯ ಎದುರು ಮತ್ತೆ ಮತ್ತೆ ಸೋಲುತ್ತಾನೆ.

ಪಂದ್ಯಕ್ಕೆ ಪಣ ಒಡ್ಡುವ ದೃಶ್ಯವನ್ನೇ ತೆಗೆದುಕೊಳ್ಳಿ. ತಾನು ಗೆದ್ದರೆ ಅವಳ ಎಡಗೈ, ಅವಳು ಗೆದ್ದರೆ ಅವಳು ಕೇಳಿದ್ದು ಎಂದು ರಾಜ ಹೇಳುತ್ತಾನೆ. ಕೈಯ ಬದಲು ಪ್ರಾಣವನ್ನೇ ಪಣವಾಗಿಡಬಹುದೇ ಎಂದು ಅವಳು ಕೇಳುತ್ತಾಳೆ, ಏಕೆಂದರೆ ಗುಂಗಿಯಲ್ಲಿ ಸೋತ ದಿನ ತಾನು ಸಾಯುವುದೆಂದು ಅವಳು ಮೊದಲೇ ನಿಶ್ಚಯಿಸಿಕೊಂಡಿದ್ದಾಳೆ. ಅವಳ ಬೇಡಿಕೆಯಲ್ಲಿ ಹಟವಿಲ್ಲ, ಜಂಬವೂ ಇಲ್ಲ. ಹೆದರಿಸಲೆಂದು ತಾನು ಆಡಿದ ಮಾತು ಅವಳ ನಿಶ್ಚಯದ ಮುಂದೆ ಎಷ್ಟು ಹಗುರವಾಗಿತ್ತು ಎಂದು ಹೊಳೆದ ಕೂಡಲೇ ಮೆರುಯೆಮ್ ತನ್ನ ಎಡಗೈಯನ್ನೇ ಕಿತ್ತುಕೊಳ್ಳುತ್ತಾನೆ. ಅವಳಿಗೆ ಅದು ಕಾಣುವುದಿಲ್ಲ. ಎದುರಿಗಿರುವವನು ಯಾರೆಂದು, ಮನುಷ್ಯನೇ ಅಲ್ಲವೆಂದು ಕೂಡ ಅವಳಿಗೆ ಗೊತ್ತಿಲ್ಲ. ಒಂದೇ ಒಂದು ಏಟೂ ಇಲ್ಲದ ಈ ದೃಶ್ಯದಲ್ಲಿ ಖಳನಾಯಕನು ಮೊದಲ ಬಾರಿಗೆ ನಾಚುತ್ತಾನೆ. ಹೊಡೆದಾಟಕ್ಕೆಂದೇ ಹೆಸರಾದ ಪ್ರಕಾರದಲ್ಲಿ ಇಂಥ ದೃಶ್ಯ ಬರೆಯುವುದಕ್ಕೆ ಧೈರ್ಯ ಬೇಕು.

ಇದರ ಜೊತೆಗೆ ಅವನ ಮೂವರು ಕಾವಲುಗಾರರನ್ನೂ ಗಮನಿಸಬೇಕು. ರಾಜ ಬದಲಾಗುತ್ತಿರುವುದನ್ನು ಕಂಡು ಪೂಫ್ ಕುದಿಯುತ್ತಾನೆ ಮತ್ತು ಆ ಹುಡುಗಿ ಇಲ್ಲವಾಗಬೇಕೆಂದು ಬಯಸುತ್ತಾನೆ. ಪಿಟೊ ಪ್ರಶ್ನಿಸದೆ ಆಜ್ಞೆಯನ್ನು ಪಾಲಿಸುತ್ತದೆ. ಯೂಪಿ ತನ್ನ ಎದುರಾಳಿಗಳಿಂದಲೇ ಗೌರವವೆಂದರೆ ಏನೆಂದು ಕಲಿಯುತ್ತಾನೆ. ಸ್ವಾಮಿನಿಷ್ಠೆ ಮೂರು ದಾರಿಗಳಲ್ಲಿ ಹರಿಯುವುದನ್ನು ಇಷ್ಟು ಸ್ಪಷ್ಟವಾಗಿ ತೋರಿಸಿದ ಖಳರ ಪರಿವಾರ ನನಗೆ ಬೇರೆ ಅನಿಮೆಗಳಲ್ಲಿ ಸಿಕ್ಕಿಲ್ಲ.

ಉತ್ತರ: ತೀರ್ಥಹಳ್ಳಿ ಮೇಷ್ಟ್ರು

ನಿರೂಪಕನ ಪರವಾಗಿ ಎರಡು ಮಾತು ಹೇಳಬೇಕೆನಿಸುತ್ತದೆ. ನಮ್ಮ ಕಡೆ ತಾಳಮದ್ದಳೆ ಕೇಳುತ್ತ ಬೆಳೆದವರಿಗೆ ಕಥೆಯ ಒಂದು ಗಳಿಗೆಯನ್ನು ಹೀಗೆ ಹಿಗ್ಗಿಸುವುದು ಹೊಸದಲ್ಲ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಒಂದು ಪದ್ಯ ಹಾಡಿದರೆ ಅರ್ಥಧಾರಿಗಳು ಅದರ ಮೇಲೆ ಎಷ್ಟೋ ಹೊತ್ತು ಮಾತನಾಡುತ್ತಾರೆ. ರಾಮನ ಬಾಣ ತಗುಲಿ ನೆಲಕ್ಕೆ ಬಿದ್ದ ವಾಲಿ, ಮರೆಯಲ್ಲಿ ನಿಂತು ಹೊಡೆದದ್ದು ಯಾವ ಧರ್ಮವೆಂದು ಕೇಳಲು ತೊಡಗಿದರೆ, ಪ್ರಾಣ ಹೋಗುವ ಆ ಅಲ್ಪಕಾಲ ಸಭೆಯಲ್ಲಿ ಗಂಟೆಗಟ್ಟಲೆ ನಡೆಯುತ್ತದೆ. ಸಾಯುತ್ತಿರುವವನು ಇಷ್ಟು ಹೊತ್ತು ಮಾತನಾಡಲು ಸಾಧ್ಯವೇ ಎಂದು ಸಭಿಕರು ಯಾರೂ ಕೇಳುವುದಿಲ್ಲ, ಏಕೆಂದರೆ ಅವರು ಬಂದಿರುವುದು ಆ ವಾದವನ್ನು ಕೇಳುವುದಕ್ಕೆ.

ಅರಮನೆಯ ದಾಳಿಯನ್ನು ನಾನು ಹಾಗೆಯೇ ನೋಡಿದೆ. ಮುದಿ ಹಂತಕ ಝೆನೊ ಮತ್ತು ಹಂಟರ್ ಸಂಘದ ಅಧ್ಯಕ್ಷ ನೆಟೆರೊ ಆಕಾಶದಿಂದ ಇಳಿದು ಬಂದಾಗ ರಾಜ ಗಾಯಗೊಂಡ ಕೊಮುಗಿಯನ್ನು ಎತ್ತಿಕೊಂಡಿರುತ್ತಾನೆ. ಅವಳನ್ನು ಉಳಿಸುವಂತೆ ಪಿಟೊಗೆ ಆಜ್ಞಾಪಿಸುತ್ತಾನೆ. ಆಮೇಲೆ ಹೋರಾಟದಿಂದ ಅವಳಿಗೆ ತೊಂದರೆಯಾಗದಂತೆ ತಾನೇ ಬೇರೆ ಜಾಗಕ್ಕೆ ಹೊರಡುತ್ತಾನೆ. ಕೊಲ್ಲಲು ಬಂದ ಮುದುಕರು ಆ ನೋಟಕ್ಕೆ ತಬ್ಬಿಬ್ಬಾಗುತ್ತಾರೆ. ಈ ಗಳಿಗೆಯನ್ನು ಗಡಿಯಾರದ ಲೆಕ್ಕದಲ್ಲಿ ದಾಟಿಸಿಬಿಟ್ಟಿದ್ದರೆ ಅದರ ತೂಕ ಯಾರಿಗೂ ತಿಳಿಯುತ್ತಿರಲಿಲ್ಲ.

ತುಂಗಾತೀರ, ಶಿವಮೊಗ್ಗ

ಮೇಷ್ಟ್ರೇ, ನೀವು ಕೊಟ್ಟ ಉದಾಹರಣೆ ಬಹಳ ಹಿಡಿಸಿತು, ಆದರೆ ಅದು ನನ್ನ ವಾದವನ್ನೇ ಬಲಪಡಿಸುತ್ತದೆ ಎಂದು ತೋರುತ್ತದೆ. ತಾಳಮದ್ದಳೆಯಲ್ಲಿ ಮಾತನಾಡುವವನು ವಾಲಿಯೇ. ಅವನ ಪರವಾಗಿ ಭಾಗವತರು ವಾದ ಹೂಡುವುದಿಲ್ಲ. ಇಲ್ಲಿ ಮಾತ್ರ ಕಥೆಯ ಹೊರಗೆ ನಿಂತ ಧ್ವನಿಯೊಂದು ಪಾತ್ರಗಳ ಮನಸ್ಸನ್ನು ತಾನೇ ಬಗೆದು ನಮ್ಮ ಕೈಗಿಡುತ್ತದೆ. ಕಾಲ ಹಿಗ್ಗಿದ್ದರ ಬಗ್ಗೆ ನನಗೆ ದೂರಿಲ್ಲ. ಹಿಗ್ಗಿದ ಕಾಲದೊಳಗೆ ಪಾತ್ರಗಳಿಗೆ ಬಾಯಿಲ್ಲದಂತಾಯಿತು ಎಂಬುದೇ ನನ್ನ ದೂರು.

ಉತ್ತರ: ಹೊಸನಗರದಿಂದ

ನಾನು ಮೂಲ ಮಂಗಾವನ್ನೂ (ಜಪಾನಿ ಚಿತ್ರಕಥೆಯನ್ನೂ) ಓದಿರುವುದರಿಂದ ಒಂದು ವಿಷಯ ಸೇರಿಸುತ್ತೇನೆ. ಈ ಕಥಾಭಾಗ ಮಂಗಾದಲ್ಲಿ 186ರಿಂದ 318ನೇ ಅಧ್ಯಾಯದವರೆಗೆ ಇದೆ, ಮತ್ತು ಅಲ್ಲಿಯೂ ಈ ವಿವರಣೆಗಳಿವೆ. ಪುಟದ ಮೇಲಿನ ಬರಹವನ್ನು ಓದುಗ ತನ್ನ ವೇಗಕ್ಕೆ ತಕ್ಕಂತೆ ಓದಿಕೊಂಡು ಮುಂದೆ ಹೋಗುತ್ತಾನೆ, ಬೇಕಾದರೆ ಕಣ್ಣಾಡಿಸಿ ಬಿಡುತ್ತಾನೆ. ಅನಿಮೆ ಅದೇ ಬರಹಕ್ಕೆ ಧ್ವನಿ ಕೊಟ್ಟಿತು. ಆಗ ಆ ಧ್ವನಿ ಮುಗಿಯುವ ತನಕ ಚಿತ್ರ ಕಾಯಬೇಕಾಯಿತು. ದೋಷ ಹುಟ್ಟಿದ್ದು ಇಲ್ಲಿ. ಆದರೂ ನಿರೂಪಕನಿಲ್ಲದೆ ಆಗದ ಜಾಗವೂ ಒಂದಿದೆ. 126ನೇ ಕಂತಿನಲ್ಲಿ ನೆಟೆರೊ ಒಂದು ಕೈ, ಒಂದು ಕಾಲು ಕಳೆದುಕೊಂಡು, ಕೊನೆಗೆ ತನ್ನ ಹೃದಯವನ್ನು ತಾನೇ ನಿಲ್ಲಿಸಿ, ಎದೆಯೊಳಗೆ ಅಡಗಿಸಿಟ್ಟಿದ್ದ ಬಾಂಬನ್ನು ಸಿಡಿಸುತ್ತಾನೆ. ಮಿನಿಯೇಚರ್ ರೋಸ್ ಎಂಬ ಆ ಬಾಂಬು ಅಗ್ಗದ್ದು, ಸಣ್ಣದ್ದು, ಆ ಕಾರಣಕ್ಕೇ ಸರ್ವಾಧಿಕಾರಿಗಳಿಗೆ ಪ್ರಿಯವಾದದ್ದು ಎಂಬುದನ್ನು ಅಲ್ಲಿ ಯಾರು ಹೇಳಬೇಕು? ನೆಟೆರೊ ಸತ್ತಿದ್ದಾನೆ, ಮೆರುಯೆಮ್‌ಗೆ ಅದರ ಪರಿಚಯವಿಲ್ಲ. ಮನುಷ್ಯಕುಲದ ದುಷ್ಟತನದ ಲೆಕ್ಕವನ್ನು ನಿರೂಪಕನ ಆ ತಣ್ಣನೆಯ ಧ್ವನಿ ಒಪ್ಪಿಸುವಾಗ ಮೈ ಜುಮ್ಮೆನ್ನುತ್ತದೆ.

ಈಗ ದೌರ್ಬಲ್ಯದ ಮಾತು. ನನ್ನ ದೃಷ್ಟಿಯಲ್ಲಿ ನಿಜವಾದ ಸೋಲು ನಿರೂಪಕನದಲ್ಲ, ಬಲಿಯಾದವರದು. ಈಸ್ಟ್ ಗೋರ್ಟೊ ದೇಶದ ಪ್ರಜೆಗಳನ್ನೆಲ್ಲ ಅರಮನೆಯತ್ತ ನಡೆಸಿ, ಬದುಕಿ ಉಳಿದ ಕೆಲವರನ್ನು ಮಾತ್ರ ಸೈನಿಕರನ್ನಾಗಿ ಆಯ್ದುಕೊಳ್ಳುವುದು ರಾಜನ ಯೋಜನೆ. ಇಷ್ಟು ಭೀಕರವಾದ ಯೋಜನೆಗೆ ಗುರಿಯಾದ ಜನರಲ್ಲಿ ನಮಗೆ ಹತ್ತಿರದಿಂದ ಗೊತ್ತಾಗುವುದು ಕೊಮುಗಿ ಒಬ್ಬಳೇ. ಉಳಿದವರು ದಾರಿಯಲ್ಲಿ ಸಾಗುವ ಗುಂಪಾಗಿ ಕಾಣಿಸಿ ಮರೆಯಾಗುತ್ತಾರೆ. ಮೆರುಯೆಮ್ ಒಬ್ಬ ಹುಡುಗಿಯನ್ನು ಪ್ರೀತಿಸಲು ಕಲಿತನೆಂದು ನಾವು ಕಣ್ಣೀರು ಹಾಕುವ ಹೊತ್ತಿಗೆ, ಅವನು ಹುಟ್ಟಿದ ಮೊದಲ ದಿನಗಳಲ್ಲಿ ತಿಂದು ಹಾಕಿದ ಮಗುವನ್ನೂ ಮನೆಮಂದಿಯನ್ನೂ ಕಥೆ ಮರೆತಿರುತ್ತದೆ. ನೋಡುಗರೂ ಮರೆಯಲಿ ಎಂದು ಅದು ಬಯಸುತ್ತದೆಯೋ ಎಂಬ ಅನುಮಾನ ನನಗಿದೆ, ಮತ್ತು ಇದನ್ನು ನಾನು ಸಣ್ಣ ಕೊರತೆಯೆಂದು ಒಪ್ಪಲಾರೆ.

ಇನ್ನೊಂದು ಕೊರತೆ ಕೈಟ್‌ಗೆ ಸಂಬಂಧಿಸಿದ್ದು. ಗಾನ್‌ನ ಸಿಟ್ಟಿಗೆಲ್ಲ ಪಿಟೊನ ಕೈಯಲ್ಲಿ ಆದ ಕೈಟ್‌ನ ಸಾವೇ ಮೂಲ. ಆ ಸಿಟ್ಟಿನಲ್ಲಿ ಅವನು, ಕೊಮುಗಿಗೆ ಚಿಕಿತ್ಸೆ ಮಾಡುತ್ತ ಮಂಡಿಯೂರಿ ಬೇಡಿಕೊಳ್ಳುವ ಪಿಟೊನ ಎದುರು, ಪ್ರಜ್ಞೆ ತಪ್ಪಿ ಮಲಗಿದ ಆ ಕುರುಡು ಹುಡುಗಿಯನ್ನು ಕೊಲ್ಲುವೆನೆಂದು ಬೆದರಿಸುತ್ತಾನೆ. ರಾಕ್ಷಸಿ ರಕ್ಷಿಸುತ್ತದೆ, ನಾಯಕ ಬೆದರಿಸುತ್ತಾನೆ. ಪಕ್ಕದಲ್ಲಿ ನಿಂತ ಗೆಳೆಯ ಕಿಲ್ಲುವಾನ ಮುಖ ನೋಡಲಾಗುವುದಿಲ್ಲ. ಮುಂದೆ 131ನೇ ಕಂತಿನಲ್ಲಿ ಗಾನ್ ತನ್ನ ಭವಿಷ್ಯದ ಶಕ್ತಿಯನ್ನೆಲ್ಲ ಒಂದೇ ಸಲಕ್ಕೆ ಸುಟ್ಟುಕೊಂಡು ಪಿಟೊವನ್ನು ಕೊಲ್ಲುತ್ತಾನೆ. ಇಲ್ಲಿಯವರೆಗೆ ಒಂದು ಅಕ್ಷರವನ್ನೂ ಬದಲಿಸುವಂತಿಲ್ಲ. ಆದರೆ ಕೈಟ್ ಇರುವೆ ರಾಣಿಯ ಕೊನೆಯ ಕೂಸಾಗಿ ಮರುಹುಟ್ಟು ಪಡೆಯುತ್ತಾನೆ, ಮತ್ತು ನಂತರದ ಕಥಾಭಾಗದಲ್ಲಿ ಗಾನ್ ಕೂಡ ಪವಾಡದಂತೆ ಗುಣವಾಗುತ್ತಾನೆ. ತೆತ್ತ ಬೆಲೆಯನ್ನು ಹೀಗೆ ಬಹುಪಾಲು ಹಿಂದಿರುಗಿಸಿದ್ದರಿಂದ ದುರಂತದ ಭಾರವನ್ನು ಖಳನಾಯಕನೊಬ್ಬನೇ ಹೊತ್ತಂತಾಯಿತು.

ಪ್ರಶ್ನೆ: ಕೊಪ್ಪದ ಹುಡುಗ

ನಡುವೆ ಬಾಯಿ ಹಾಕಿದ್ದಕ್ಕೆ ಕ್ಷಮಿಸಿ. ಝಾಝಾನ್ ಎಂಬ ಇರುವೆ ಬೇರೊಂದು ಊರಿಗೆ ಹೋಗಿ, ಅಲ್ಲಿ ಫ್ಯಾಂಟಮ್ ಟ್ರೂಪ್ ಎಂಬ ಕಳ್ಳರ ತಂಡದವರ ಕೈಯಲ್ಲಿ ಸೋಲುವ ಕಂತುಗಳನ್ನು ಬಿಟ್ಟು ಮುಂದೆ ಹೋದರೆ ಕಥೆ ಅರ್ಥವಾಗುತ್ತದೆಯೇ? ನಾನು ಅಲ್ಲಿಯೇ ನಿಂತಿದ್ದೇನೆ.

ಹೊಸನಗರದಿಂದ

ಖಂಡಿತ ಅರ್ಥವಾಗುತ್ತದೆ ತಮ್ಮಾ. ಆ ಹೋರಾಟ ಸೊಗಸಾಗಿಯೇ ಇದೆ, ಆದರೆ ರಾಜನ ಕಥೆಗೂ ಅದಕ್ಕೂ ಹೆಚ್ಚಿನ ಸಂಬಂಧವಿಲ್ಲ. ಕೊಮುಗಿ ಬರುವ ಕಂತುಗಳಲ್ಲಿ ಮಾತ್ರ ಒಂದು ನಿಮಿಷವನ್ನೂ ಓಡಿಸಬೇಡಿ.

ಸಾಗರದ ಓದುಗಿ

ಹೊಸನಗರದವರು ಎತ್ತಿದ ಬಲಿಪಶುಗಳ ಪ್ರಶ್ನೆ ಗಂಭೀರವಾದದ್ದು. ಅದಕ್ಕೆ ನನ್ನಲ್ಲಿ ಪೂರ್ಣ ಸಮಾಧಾನವಿಲ್ಲ. ಆದರೂ ಕಥೆ ಮೆರುಯೆಮ್‌ನನ್ನು ಕ್ಷಮಿಸಿತು ಎಂಬುದನ್ನು ನಾನು ಒಪ್ಪುವುದಿಲ್ಲ. ಕ್ಷಮಿಸುವುದಿದ್ದರೆ ಅವನನ್ನು ಉಳಿಸಬಹುದಿತ್ತು, ಇಲ್ಲವೇ ಒಳ್ಳೆಯವರ ಪಕ್ಷಕ್ಕೆ ಸೇರಿಸಬಹುದಿತ್ತು. ಈ ಪ್ರಕಾರದಲ್ಲಿ ಎರಡಕ್ಕೂ ಬೇಕಾದಷ್ಟು ಉದಾಹರಣೆಗಳಿವೆ. ತೊಗಾಶಿಯವರು ಅವನ ಮೈಯಲ್ಲಿ ಬಾಂಬಿನ ವಿಷವನ್ನು ಇಟ್ಟರು, ಮತ್ತು ಆ ವಿಷ ಹತ್ತಿರ ಇರುವವರಿಗೂ ಹರಡುವಂತೆ ಮಾಡಿದರು. 135ನೇ ಕಂತಿನಲ್ಲಿ ಅವನು ಅದನ್ನು ಬಚ್ಚಿಡದೆ ಕೊಮುಗಿಗೆ ಹೇಳುತ್ತಾನೆ. ಅವಳು ಎದ್ದು ಹೋಗುವುದಿಲ್ಲ. ತಿಳಿದೂ ತಿಳಿದೂ ಆಟ ಮುಂದುವರಿಸುತ್ತಾಳೆ. ತನ್ನ ಮಗುವಿನಂತೆ ಸಾಕಿ, ಕೊನೆಗೆ ತಾನೇ ಮುರಿದುಹಾಕಬೇಕಾಗಿ ಬಂದ ಕೊಕೊರಿಕೊ ಎಂಬ ನಡೆಗೆ ಆ ಆಟದಲ್ಲಿಯೇ ಅವಳು ಹೊಸ ಜೀವ ಕೊಡುತ್ತಾಳೆ. ಆದ್ದರಿಂದ ಕೊಮುಗಿ ಇರುವುದು ಖಳನನ್ನು ತಿದ್ದುವುದಕ್ಕಾಗಿ ಮಾತ್ರ ಎಂದು ನನಗೆ ಅನಿಸಲಿಲ್ಲ. ಜೀವನವಿಡೀ ತನ್ನನ್ನು ಕಸವೆಂದು ಕರೆದುಕೊಂಡವಳು ಅಲ್ಲಿ ತನ್ನ ಆಟದ ಉತ್ತುಂಗದಲ್ಲಿದ್ದಾಳೆ, ಮತ್ತು ಆ ರಾಜ ಕೊನೆಯವರೆಗೂ ಅವಳನ್ನು ಗುಂಗಿಯಲ್ಲಿ ಗೆಲ್ಲುವುದಿಲ್ಲ.

ತುಂಗಾತೀರ ಅವರೇ, ನಿಮ್ಮ ತಕರಾರಿಗೆ ಇದೇ ಕಂತಿನಲ್ಲಿ ಉತ್ತರವಿದೆ ಎಂದು ನನಗೆ ತೋರುತ್ತದೆ. ಪರದೆ ಕಪ್ಪಾದ ಮೇಲೆ ನಮಗೆ ಕೇಳಿಸುವುದು ಅವರಿಬ್ಬರ ಮಾತು ಮಾತ್ರ. ನಿರೂಪಕ ಅಲ್ಲಿ ಬಾಯಿ ಹಾಕುವುದಿಲ್ಲ.

ತುಂಗಾತೀರ, ಶಿವಮೊಗ್ಗ

ಅಕ್ಕಾ, ಅದನ್ನು ಒಪ್ಪುತ್ತೇನೆ. ಆದರೆ ಆ ಕಂತಿನಲ್ಲಿ ತೋರಿಸಿದ ಸಂಯಮ ಅರಮನೆಯ ಮೆಟ್ಟಿಲುಗಳ ಮೇಲೂ ಇರಬೇಕಿತ್ತು ಎಂಬ ನನ್ನ ಅಭಿಪ್ರಾಯ ಹಾಗೆಯೇ ಉಳಿಯುತ್ತದೆ. ಬಲಿಯಾದ ಜನರ ಬಗ್ಗೆ ಹೊಸನಗರದವರು ಬರೆದದ್ದನ್ನು ನಮ್ಮ ಬಳಗದಲ್ಲಿ ಯಾರೂ ಎತ್ತಿರಲಿಲ್ಲ. ಅರ್ಧಕ್ಕೆ ಬಿಟ್ಟವರಿಗೆ ಉಳಿದ ಕಂತುಗಳನ್ನು ತೋರಿಸುವಾಗ ಮೊದಲು ಈ ಪ್ರಶ್ನೆಯನ್ನೇ ಅವರ ಮುಂದಿಡುತ್ತೇನೆ.