ಅಪ್‌ಡೇಟ್: ಮೈನ್‌ಕ್ರಾಫ್ಟ್ ಸರ್ವರ್ ಕನ್ಸೋಲ್‌ನ ಗಲಾಟೆ ಕೊನೆಗೂ ನಿಂತಿತು

ಹೋದ ವಾರ ಕೇಳಿದ್ದೆನಲ್ಲ, ಪೇಪರ್ (ಮೈನ್‌ಕ್ರಾಫ್ಟ್ ಸರ್ವರ್ ನಡೆಸುವ ಸಾಫ್ಟ್‌ವೇರ್) ಸರ್ವರ್‌ನ ಕನ್ಸೋಲ್ (ಸಂದೇಶ ಕಾಣುವ, ಕಮಾಂಡ್ ಕೊಡುವ ಕಿಟಕಿ) ತುಂಬಾ 'ಮೂವ್ಡ್ ಟೂ ಕ್ವಿಕ್ಲಿ' (ಆಟಗಾರ ಅತಿ ವೇಗವಾಗಿ ಚಲಿಸಿದ ಎಂಬ ಎಚ್ಚರಿಕೆ) ಸಾಲುಗಳೇ ಬರುತ್ತಿವೆ, ತಡೆಯುವುದು ಹೇಗೆ ಅಂತ. ಈಗ ಸರಿಯಾಗಿದೆ.

ಮೊದಲು ಕನ್ಸೋಲ್‌ಗೆ ಬರುವುದನ್ನೆಲ್ಲ ಗ್ರೆಪ್‌ಗೆ (ಸಾಲುಗಳನ್ನು ಸೋಸುವ ಕಮಾಂಡ್) ಪೈಪ್ ಮಾಡಿ, ಅಂದರೆ ಅದರ ಮೂಲಕ ಹಾಯಿಸಿ ನೋಡಿದೆ. ಸಾಲುಗಳು ಹೋದವು, ಆದರೆ ಜೊತೆಗೆ ಬಣ್ಣವೂ ಹೋಯಿತು, ಟ್ಯಾಬ್ ಒತ್ತಿದರೆ ಕಮಾಂಡ್ ಪೂರ್ತಿಯಾಗುವುದೂ ನಿಂತಿತು. ಪ್ಲಗಿನ್ ಬರೆದು ಅದರ ಲಾಗರ್‌ಗೆ (ಸಂದೇಶ ಬರೆಯುವ ಭಾಗ) ಫಿಲ್ಟರ್ ಹಾಕಿದ್ದು ಸುಮ್ನೆ ದಂಡ, ಅದು ಆ ಪ್ಲಗಿನ್‌ನ ಮಾತನ್ನಷ್ಟೇ ತಡೆಯುತ್ತದೆ.

ಕೆಲಸ ಮಾಡಿದ್ದು ಇಲ್ಲಿ ಒಬ್ಬರು ಕೊಟ್ಟ ಲಾಗ್‌ಫೋರ್‌ಜೆ (ಸರ್ವರ್ ಸಂದೇಶಗಳನ್ನು ದಾಖಲಿಸಲು ಬಳಸುವ ಜಾವಾ ಲೈಬ್ರರಿ) ಸಲಹೆ. ಸರ್ವರ್ ಜೊತೆ ಬರುವ ಲಾಗ್ ಕಾನ್ಫಿಗ್ ಫೈಲನ್ನು ಕಾಪಿ ಮಾಡಿ, ಅದರಲ್ಲಿ ರೆಜೆಕ್ಸ್‌ಫಿಲ್ಟರ್ (ಕೊಟ್ಟ ಪದಗಳ ಮಾದರಿಗೆ ಸಾಲು ಹೊಂದುತ್ತದೆಯೇ ನೋಡುವ ಫಿಲ್ಟರ್) ಸೇರಿಸಿದೆ: ಹೊಂದಿದರೆ ಡಿನೈ (ತಡೆ), ಇಲ್ಲದಿದ್ದರೆ ನ್ಯೂಟ್ರಲ್ (ಹಾಗೇ ಬಿಡು). ಸಲಹೆ ಕೊಟ್ಟವರಿಗೆ ದೊಡ್ಡ ಥ್ಯಾಂಕ್ಸ್!

ಎರಡು ಕಡೆ ಎಡವಿದೆ. ಈ ಫಿಲ್ಟರ್ ಇಡೀ ಸಾಲನ್ನು ಹೋಲಿಸುತ್ತದೆ, ಹಾಗಾಗಿ ಪದಗಳ ಹಿಂದೆಯೂ ಮುಂದೆಯೂ ಡಾಟ್ ಸ್ಟಾರ್ (.*, ಅಂದರೆ 'ಇಲ್ಲಿ ಏನಿದ್ದರೂ ಸರಿ') ಬೇಕೇ ಬೇಕು, ಇದೊಂದಕ್ಕೇ ಒಂದು ಸಂಜೆ ಹೋಯಿತು. ಇನ್ನೊಂದು, ಹೊಸ ಫೈಲ್ ಎಲ್ಲಿದೆ ಎಂದು ಹೇಳುವ ಆಪ್ಷನ್ ಸ್ಟಾರ್ಟ್ ಕಮಾಂಡ್‌ನಲ್ಲಿ ಜಾರ್‌ಗಿಂತ (ಸರ್ವರ್‌ನ ಪ್ರೋಗ್ರಾಂ ಫೈಲ್) ಮೊದಲೇ ಇರಬೇಕು. ಆಮೇಲೆ ಹಾಕಿದರೆ ಜಾವಾ ಅದನ್ನು ನೋಡುವುದೇ ಇಲ್ಲ.

ಗೊತ್ತಿಲ್ಲದೇ ಇದ್ದ ವಿಷಯ ಅಂದರೆ, ಫಿಲ್ಟರನ್ನು ಕಾನ್ಫಿಗ್‌ನ ರೂಟ್‌ನಲ್ಲಿ (ಎಲ್ಲ ಸಂದೇಶಗಳಿಗೂ ಅನ್ವಯಿಸುವ ಭಾಗ) ಹಾಕಿದರೆ ಲಾಗ್ ಫೈಲ್‌ನಿಂದಲೂ ಸಾಲು ಮಾಯ. ಕನ್ಸೋಲ್ ಅಪೆಂಡರ್ (ಕನ್ಸೋಲ್‌ಗೆ ಸಾಲು ಕಳಿಸುವ ಭಾಗ) ಒಳಗೆ ಮಾತ್ರ ಹಾಕಿದರೆ ಕಣ್ಣಿಗೆ ಕಾಣುವುದಿಲ್ಲ, ಫೈಲ್‌ನಲ್ಲಿ ಉಳಿಯುತ್ತದೆ. ನಾನು ಹಾಗೇ ಇಟ್ಟುಕೊಂಡೆ, ಯಾರಾದರೂ ಸ್ಪೀಡ್ ಹ್ಯಾಕ್ ಮಾಡಿದರೆ ಹುಡುಕಲು ಅದೇ ಸಾಲು ಬೇಕಲ್ವಾ.